ಮನೆಯ ಸರ್ವರ್‌ಗೆ ಹೊರಗಿನಿಂದ ದಾರಿ: ಪೋರ್ಟ್ ಫಾರ್ವರ್ಡಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಗೋಡೆಗೂಡಿನಲ್ಲಿ ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಒಂದು ಹಗಲೂ ರಾತ್ರಿ ಓಡುತ್ತಿರುತ್ತದೆ. ಮನೆಯವರೆಲ್ಲರ ಫೋಟೊಗಳು, ಅಪ್ಪ ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ತಾಳಮದ್ದಳೆಗಳು, ಅಡಿಕೆಯ ಲೆಕ್ಕ ಎಲ್ಲವೂ ಅದರಲ್ಲಿವೆ. ಅದೇ ನಮ್ಮ ಮನೆಯ ಸರ್ವರ್. ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿ ಕೂತು ಅದನ್ನು ತಲುಪುತ್ತೇನೆ ಎಂದು ಗೊತ್ತಾದ ದಿನದಿಂದ ನೆಂಟರು, ಸಹೋದ್ಯೋಗಿಗಳು ತಮಗೂ ಮಾಡಿಕೊಡಿ ಎನ್ನುತ್ತಿದ್ದಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಅವೇ. ಒಮ್ಮೆ ಬರೆದಿಟ್ಟರೆ ಮುಂದಿನ ಸಲ ಕೊಂಡಿ ಕಳಿಸಿ ಕೈತೊಳೆದುಕೊಳ್ಳಬಹುದು ಎಂಬ ಸ್ವಾರ್ಥದಿಂದ ಇದನ್ನು ಬರೆದಿದ್ದೇನೆ.

ಪೋರ್ಟ್ ಫಾರ್ವರ್ಡಿಂಗ್ ಎಂದರೆ ಏನು?

ವಠಾರದಲ್ಲಿ ಬಾಡಿಗೆಗಿದ್ದವರಿಗೆ ಬೇಗ ಅರ್ಥವಾಗುತ್ತದೆ. ಬೀದಿಗೆ ಕಾಣುವುದು ಒಂದೇ ಗೇಟು, ಒಂದೇ ಡೋರ್ ನಂಬರು. ಒಳಗೆ ಎಂಟು ಹತ್ತು ಮನೆಗಳು. ನಿಮ್ಮ ರೂಟರ್ ಆ ಗೇಟು. ಮನೆಯ ಮೊಬೈಲ್, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ 192.168 ಎಂದು ಶುರುವಾಗುವ ಒಳವಿಳಾಸಗಳಿರುತ್ತವೆ. ಅಂತರಜಾಲಕ್ಕೆ ಕಾಣುವುದು ರೂಟರ್‌ನ ಒಂದೇ ಹೊರವಿಳಾಸ. ಈ ವಿಳಾಸ ಬದಲಿಸುವ ಕೆಲಸಕ್ಕೆ ನ್ಯಾಟ್ ಎಂದು ಹೆಸರು. ಒಳಗಿನವರು ಹೊರಗೆ ಕಳಿಸಿದ್ದಕ್ಕೆ ಬರುವ ಉತ್ತರ ಯಾರದೆಂದು ರೂಟರ್ ನೆನಪಿಟ್ಟುಕೊಂಡು ತಲುಪಿಸುತ್ತದೆ. ಯಾರೂ ಕರೆಯದೆ ತಾನಾಗಿ ಬಂದವರನ್ನು ಗೇಟಿನಲ್ಲೇ ಬಿಡುತ್ತದೆ. ‘ಇಂಥ ಸಂಖ್ಯೆ ಹೇಳಿಕೊಂಡು ಬಂದವರನ್ನು ಮೂರನೆಯ ಮನೆಗೆ ಕಳಿಸು’ ಎಂದು ಗೇಟಿಗೆ ಅಂಟಿಸುವ ಚೀಟಿಯೇ ಪೋರ್ಟ್ ಫಾರ್ವರ್ಡಿಂಗ್. ಆ ಸಂಖ್ಯೆಯೇ ಪೋರ್ಟ್. ಅದು 1ರಿಂದ 65535ರ ವರೆಗೆ ಯಾವುದೂ ಆಗಬಹುದು.

ರೂಟರ್‌ಗೆ ಕೈ ಹಾಕುವ ಮೊದಲು ಏನು ನೋಡಬೇಕು?

ನಿಮ್ಮ ಗೇಟು ನಿಜವಾಗಿ ಬೀದಿಗೆ ತೆರೆದಿದೆಯೇ ಎಂದು. ಇದೊಂದನ್ನು ನೋಡದೆ ನಾನು ಎರಡು ಭಾನುವಾರ ಕಳೆದಿದ್ದೇನೆ.

ರೂಟರ್‌ನ ಒಳಪುಟ ತೆರೆಯಿರಿ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೆದರೆ ಬಹುಪಾಲು ಬರುತ್ತದೆ. ಗುಪ್ತಪದ ಡಬ್ಬಿಯ ಕೆಳಗಿನ ಚೀಟಿಯಲ್ಲಿರುತ್ತದೆ. ಸ್ಟೇಟಸ್ ಪುಟದಲ್ಲಿ ‘ವ್ಯಾನ್ ಐಪಿ’ (WAN IP) ಎಂದಿರುವ ವಿಳಾಸವನ್ನು, ಅಂದರೆ ರೂಟರ್‌ನ ಹೊರವಿಳಾಸವನ್ನು, ಒಂದು ಕಾಗದದಲ್ಲಿ ಬರೆದುಕೊಳ್ಳಿ. ಆಮೇಲೆ ಅದೇ ಮನೆಯ ವೈಫೈಯಿಂದ, ನಿಮ್ಮ ಐಪಿ ಯಾವುದು ಎಂದು ತೋರಿಸುವ ಯಾವುದಾದರೂ ತಾಣಕ್ಕೆ ಹೋಗಿ. ಅಲ್ಲಿ ಎರಡು ವಿಳಾಸ ಕಂಡರೆ ಚುಕ್ಕೆಗಳಿರುವುದನ್ನು, ಅಂದರೆ ಐಪಿವಿ4 ಅನ್ನು ಮಾತ್ರ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಅದೃಷ್ಟವಂತರು, ಮುಂದೆ ಹೋಗಿ. ಬೇರೆ ಬೇರೆಯಾಗಿದ್ದರೆ, ವ್ಯಾನ್ ವಿಳಾಸ ಹೇಗೆ ಶುರುವಾಗುತ್ತದೆ ನೋಡಿ. 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್‌ನ, ಅಂದರೆ ಅಂತರಜಾಲ ಕೊಡುವ ಕಂಪನಿಯೇ ನಡೆಸುವ ದೊಡ್ಡ ನ್ಯಾಟ್‌ನ ಹಿಂದೆ ಇದ್ದೀರಿ. 10ರಿಂದ, 172.16ರಿಂದ 172.31ರ ಒಳಗೆ, ಅಥವಾ 192.168ರಿಂದ ಶುರುವಾದರೂ ನಿಮ್ಮ ರೂಟರ್‌ನ ಮುಂದೆ ಇನ್ನೊಂದು ಗೇಟಿದೆ ಎಂದೇ ಅರ್ಥ.

ಸಿಜಿನ್ಯಾಟ್ ಯಾಕೆ ಇದೆ?

ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಾಗತಿಕ ಉಗ್ರಾಣದ ಕೊನೆಯ ಗಂಟುಗಳನ್ನು 2011ರ ಫೆಬ್ರವರಿ 3ರಂದು ಹಂಚಿ ಮುಗಿಸಿದರು. ಆಮೇಲೆ ಬಂದ ಕೋಟಿಗಟ್ಟಲೆ ಗ್ರಾಹಕರಿಗೆ ತಲಾ ಒಂದು ವಿಳಾಸ ಕೊಡುವುದು ಕಂಪನಿಗಳಿಗೆ ಆಗದ ಮಾತು. ಹಾಗಾಗಿ ನೂರಾರು ವಠಾರಗಳನ್ನು ಒಂದು ದೊಡ್ಡ ಕಾಂಪೌಂಡಿನೊಳಗೆ ಹಾಕಿ ಅದಕ್ಕೊಂದು ಗೇಟು ಇಟ್ಟರು. ಈ ಏರ್ಪಾಟಿಗೆಂದೇ 2012ರಲ್ಲಿ 100.64ರ ಸಾಲನ್ನು ಮೀಸಲಿಟ್ಟರು. ನಿಮ್ಮ ಗೇಟಿಗೆ ನೀವು ಚೀಟಿ ಅಂಟಿಸಬಹುದು. ಕಾಂಪೌಂಡಿನ ಗೇಟಿನ ಕೀಲಿ ಕಂಪನಿಯ ಹತ್ತಿರ. ಬಂದವರು ನಿಮ್ಮ ಚೀಟಿ ಕಾಣುವ ಮೊದಲೇ ವಾಪಸ್ ಹೋಗುತ್ತಾರೆ.

ನನ್ನದು ಸಿಜಿನ್ಯಾಟ್. ಈಗೇನು ಮಾಡಲಿ?

ಕಂಪನಿಗೆ ಫೋನು ಮಾಡಿ ‘ಸ್ಟ್ಯಾಟಿಕ್ ಐಪಿ ಬೇಕು’ ಎನ್ನಿ, ಅಂದರೆ ಬದಲಾಗದ ಸಾರ್ವಜನಿಕ ಹೊರವಿಳಾಸ. ‘ಪೋರ್ಟ್ ತೆರೆಯಿರಿ’ ಎನ್ನಬೇಡಿ. ನಾನು ಹಾಗೆ ಕೇಳಿದಾಗ ಒಂದು ಕಂಪನಿಯ ಸಹಾಯವಾಣಿಯವರು ‘ಎಲ್ಲ ಪೋರ್ಟ್ ಓಪನ್ ಇದೆ ಸರ್, ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂದು ಮೂರು ಸಲ ಹೇಳಿದರು. ಅವರ ತಪ್ಪಲ್ಲ, ಅವರ ಮುಂದಿರುವ ಪಟ್ಟಿಯಲ್ಲಿ ಇರುವುದೇ ಅಷ್ಟು. ಸ್ಟ್ಯಾಟಿಕ್ ಐಪಿ ಎಂದರೆ ಅದು ದುಡ್ಡಿನ ವಿಷಯ, ಹಾಗಾಗಿ ಸರಿಯಾದ ವಿಭಾಗಕ್ಕೆ ಹೋಗುತ್ತದೆ. ಕೆಲವರು ತಿಂಗಳಿಗೆ, ಕೆಲವರು ವರ್ಷಕ್ಕೆ ಶುಲ್ಕ ಹಾಕುತ್ತಾರೆ. ಕೆಲವು ಮನೆಯ ಪ್ಲಾನ್‌ಗಳಿಗೆ ಕೊಡುವುದೇ ಇಲ್ಲ.

ಎರಡನೆಯ ದಾರಿ ಐಪಿವಿ6. ಇದರಲ್ಲಿ ವಿಳಾಸಗಳಿಗೆ ಬರವಿಲ್ಲ, ವಠಾರವೂ ಇಲ್ಲ. ಪ್ರತಿ ಸಾಧನಕ್ಕೂ ಬೀದಿಗೆ ಬಾಗಿಲು. ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ, ನಿಮ್ಮ ಮೊಬೈಲ್‌ನ ಡೇಟಾದಲ್ಲಿ ಅದು ಈಗಾಗಲೇ ಇರುವ ಸಾಧ್ಯತೆ ಹೆಚ್ಚು. ಇಲ್ಲಿ ಫಾರ್ವರ್ಡಿಂಗ್ ಬೇಕಿಲ್ಲ, ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ (ಬಂದವರನ್ನು ತಡೆಯುವ ಕಾವಲು) ಆ ಸರ್ವರ್‌ನ ಆ ಪೋರ್ಟ್‌ಗೆ ಮಾತ್ರ ಅನುಮತಿ ಕೊಟ್ಟರೆ ಆಯಿತು. ತೊಡಕು ಎರಡು. ಕಂಪನಿ ಕೊಟ್ಟ ಡಬ್ಬಿಗಳಲ್ಲಿ ಆ ಪುಟವೇ ಇಲ್ಲದಿರಬಹುದು. ಮತ್ತು ನೀವು ಕೂತಿರುವ ಕಚೇರಿಯ ವೈಫೈ ಐಪಿವಿ4 ಮಾತ್ರ ಆಗಿದ್ದರೆ ಮನೆ ಸಿಗುವುದಿಲ್ಲ.

ಮೂರನೆಯದು ಟೇಲ್‌ಸ್ಕೇಲ್‌ನಂಥ ಸೇವೆ. ಇಲ್ಲಿ ಸರ್ವರ್ ತಾನೇ ಒಳಗಿನಿಂದ ಹೊರಗೆ ಹೋಗಿ ಕೈ ಚಾಚಿಕೊಂಡಿರುತ್ತದೆ, ಗೇಟಿನಲ್ಲಿ ಚೀಟಿ ಬೇಕಿಲ್ಲ. ಸಿಜಿನ್ಯಾಟ್ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅರ್ಧ ಗಂಟೆಯ ಕೆಲಸ. ಅದು ಕೊಡುವ ವಿಳಾಸವೂ 100.64ರ ಅದೇ ಸಾಲಿನದು, ಅದನ್ನು ಕಂಡು ಗಾಬರಿಯಾಗಬೇಡಿ. ಕ್ಲೌಡ್‌ಫ್ಲೇರ್ ಟನಲ್ ಕೂಡ ಇದೇ ಜಾತಿಯದು, ಆದರೆ ಸ್ವಂತ ಡೊಮೈನ್ (ಜಾಲತಾಣದ ಹೆಸರು) ಬೇಕು, ಮತ್ತು ಉಚಿತ ಪ್ಲಾನ್‌ನಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಅಪ್‌ಲೋಡ್ ಹೋಗುವುದಿಲ್ಲ. ಮದುವೆಯ ವಿಡಿಯೊ ಮೇಲೇರಿಸಲು ಹೊರಟವರು ಇಲ್ಲಿ ಮುಗ್ಗರಿಸುತ್ತಾರೆ.

ಸಾರ್ವಜನಿಕ ವಿಳಾಸ ಇದೆ. ರೂಟರ್‌ನಲ್ಲಿ ಏನೇನು ತುಂಬಬೇಕು?

ಮೊದಲು ಸರ್ವರ್‌ನ ಒಳವಿಳಾಸ ಕದಲದಂತೆ ಮಾಡಿ. ರೂಟರ್ ವಿಳಾಸಗಳನ್ನು ಎರವಲು ಕೊಡುತ್ತದೆ. ನಾಳೆ ಅದೇ ವಿಳಾಸ ಟಿವಿಗೆ ಹೋದರೆ ನಿಮ್ಮ ಚೀಟಿ ಟಿವಿಯ ಮನೆ ತೋರಿಸುತ್ತದೆ. ಈ ಎರವಲು ನೋಡಿಕೊಳ್ಳುವ ಡಿಎಚ್‌ಸಿಪಿ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಸ್ವಂತ ಗುರುತಿನ ಸಂಖ್ಯೆ) ಒಂದು ಸಂಖ್ಯೆ ಕಾಯಂ ಮಾಡಿ.

ಆಮೇಲೆ ಫಾರ್ವರ್ಡಿಂಗ್ ಪುಟ. ಒಂದೊಂದು ರೂಟರ್‌ನಲ್ಲಿ ಒಂದೊಂದು ಹೆಸರು: ‘ಪೋರ್ಟ್ ಫಾರ್ವರ್ಡಿಂಗ್’, ‘ವರ್ಚುವಲ್ ಸರ್ವರ್’, ‘ನ್ಯಾಟ್’. ತುಂಬಬೇಕಾದ ಖಾನೆಗಳು ಎಲ್ಲ ಕಡೆ ಹೆಚ್ಚುಕಡಿಮೆ ಅವೇ. ನಮ್ಮ ಮನೆಯದು ಹೀಗಿದೆ: ಹೊರಪೋರ್ಟ್ 51820, ಒಳಪೋರ್ಟ್ 51820, ಒಳವಿಳಾಸ 192.168.57.10, ಪ್ರೋಟೊಕಾಲ್ ಯುಡಿಪಿ. ‘ಸೇವ್’ ಒತ್ತಿದ ಮೇಲೆ ಪುಟವನ್ನು ಮತ್ತೆ ತೆರೆದು ನೋಡಿ. ಕೆಲವು ಡಬ್ಬಿಗಳು ಉಳಿಸಿದಂತೆ ನಟಿಸುತ್ತವೆ.

ಪ್ರೋಟೊಕಾಲ್ ಖಾನೆಯಲ್ಲಿ ಟಿಸಿಪಿ, ಯುಡಿಪಿ, ಎರಡೂ ಎಂಬ ಆಯ್ಕೆಗಳಿರುತ್ತವೆ. ಮಾಹಿತಿ ಸಾಗಿಸುವ ಎರಡು ಬಗೆಗಳು ಅವು. ಗೊತ್ತಿಲ್ಲದಿದ್ದರೆ ಎರಡೂ ಹಾಕಿಬಿಡಿ ಎನ್ನುವವರ ಮಾತು ಕೇಳಬೇಡಿ, ಬೇಕಾದದ್ದು ಯಾವುದೆಂದು ಆ ತಂತ್ರಾಂಶದ ಕೈಪಿಡಿಯಲ್ಲೇ ಬರೆದಿರುತ್ತದೆ.

ಯಾವ ಯಾವ ಪೋರ್ಟ್ ತೆರೆಯಬೇಕು?

ಒಂದೇ. ವೈರ್‌ಗಾರ್ಡ್ ಎಂಬ ವಿಪಿಎನ್‌ನದು, ಮೇಲೆ ಹೇಳಿದ 51820. ವಿಪಿಎನ್ ಎಂದರೆ ಕೀಲಿ ಇರುವವರನ್ನು ಮಾತ್ರ ಮನೆಯ ಜಾಲದೊಳಗೆ ಕರೆತರುವ ಗುಪ್ತ ಸುರಂಗ.

ಸಿನಿಮಾ, ಹಾಡು ನೋಡುವ ಜೆಲ್ಲಿಫಿನ್‌ಗೆ 8096, ಮನೆಯ ಸಾಧನ ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್‌ಗೆ 8123, ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22 ಎಂದು ಸಾಲಾಗಿ ಚೀಟಿ ಅಂಟಿಸುತ್ತಾ ಹೋಗುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಆ ಎಲ್ಲ ತಂತ್ರಾಂಶಗಳ ದೋಷಗಳೂ ಬೀದಿಗೆ ಬಿದ್ದ ಹಾಗೆ. ವೈರ್‌ಗಾರ್ಡ್ ಒಂದನ್ನೇ ತೆರೆದರೆ ನಿಮ್ಮ ಮೊಬೈಲ್ ಮೊದಲು ವಿಪಿಎನ್ ಮೂಲಕ ವಠಾರದ ಒಳಗೆ ಬರುತ್ತದೆ. ಆಮೇಲೆ ಒಳಗಿನ ಯಾವ ಮನೆಗೆ ಬೇಕಾದರೂ ಒಳವಿಳಾಸದಿಂದಲೇ ಹೋಗಬಹುದು. ವೈರ್‌ಗಾರ್ಡ್ 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಸೇರಿಕೊಂಡಿದೆ. ಅದರ ದೊಡ್ಡ ಗುಣ ಮೌನ. ಸರಿಯಾದ ಕೀಲಿ ಇಲ್ಲದವರು ಎಷ್ಟು ತಟ್ಟಿದರೂ ‘ಯಾರು’ ಎಂದು ಸಹ ಕೇಳುವುದಿಲ್ಲ, ಅಲ್ಲಿ ಬಾಗಿಲಿದೆ ಎಂಬುದೇ ತಟ್ಟಿದವರಿಗೆ ತಿಳಿಯುವುದಿಲ್ಲ.

ಎಸ್‌ಎಸ್‌ಎಚ್ ನೇರವಾಗಿ ತೆರೆದಿಟ್ಟರೆ ಅಂಥ ತೊಂದರೆ ಏನು? ನಮ್ಮ ಮನೆಯ ಕಂಪ್ಯೂಟರ್ ಯಾರಿಗೆ ಬೇಕು?

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ರಾತ್ರಿ ಊಟಕ್ಕೆ ಏಳುವ ಮುನ್ನ 22ನೆಯ ಪೋರ್ಟ್ ತೆರೆದೆ. ಊಟ ಮುಗಿಸಿ ಬಂದು ಲಾಗಿನ್ ದಾಖಲೆ ತೆರೆದರೆ ಪರದೆ ತನ್ನಷ್ಟಕ್ಕೆ ಮೇಲೆ ಸರಿಯುತ್ತಿತ್ತು. ‘ರೂಟ್’ ಹೆಸರಿನಲ್ಲಿ ತಪ್ಪು ಗುಪ್ತಪದ, ‘ಅಡ್ಮಿನ್’ ಹೆಸರಿನಲ್ಲಿ ತಪ್ಪು ಗುಪ್ತಪದ, ‘ಪೈ’, ‘ಟೆಸ್ಟ್’, ‘ಉಬುಂಟು’, ‘ಒರಾಕಲ್’, ಮತ್ತೆ ‘ರೂಟ್’. ಎರಡು ಮೂರು ಸೆಕೆಂಡಿಗೊಂದು ಸಾಲು. ಅಮ್ಮ ಹಿಂದೆ ನಿಂತು ನೋಡಿ ‘ಇವರೆಲ್ಲ ಯಾರೋ’ ಎಂದು ಕೇಳಿದರು. ಯಾರೂ ಅಲ್ಲ, ಯಂತ್ರಗಳು. ಅವು ನಿಮ್ಮನ್ನು ಹುಡುಕುತ್ತಿಲ್ಲ. ಬೀದಿಯ ಪ್ರತಿ ಗೇಟಿನ ಚಿಲಕವನ್ನೂ ಅಲ್ಲಾಡಿಸುತ್ತಾ ಹೋಗುತ್ತಿರುತ್ತವೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗಳಲ್ಲಿ ಹಿಂದೆ ಮೊದಲೇ ಇರುತ್ತಿದ್ದಂತೆ, ಬಳಕೆದಾರರ ಹೆಸರು ‘ಪೈ’ ಆಗಿದ್ದು ಗುಪ್ತಪದ ‘ರಾಸ್ಪ್‌ಬೆರಿ’ ಆಗಿದ್ದರೆ ಊಟ ಮುಗಿಯುವುದರೊಳಗೆ ಯಂತ್ರ ಕೈತಪ್ಪುತ್ತಿತ್ತು.

ತೆರೆಯಲೇಬೇಕು ಎಂದರೆ ಗುಪ್ತಪದದ ಲಾಗಿನ್ ಪೂರ್ತಿ ನಿಲ್ಲಿಸಿ, ಕೀಲಿ ಕಡತದಿಂದ ಮಾತ್ರ ಒಳಬಿಡಿ. ‘ರೂಟ್’ ಆಗಿ ನೇರ ಪ್ರವೇಶ ಬೇಡ. ಫೇಲ್2ಬ್ಯಾನ್ ಹಾಕಿದರೆ ಪದೇ ಪದೇ ತಪ್ಪಿದವರನ್ನು ಸ್ವಲ್ಪ ಹೊತ್ತು ದೂರವಿಡುತ್ತದೆ.

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನ 3389, ಕಡತ ಹಂಚಿಕೆಯ 445, ಈ ಎರಡನ್ನು ಮಾತ್ರ ಎಂಥ ಅವಸರದಲ್ಲೂ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದದ್ದು 445ರ ಹಾದಿಯಲ್ಲೇ.

ಪೋರ್ಟ್ ಸಂಖ್ಯೆ ಬದಲಿಸಿ, 22ರ ಬದಲು 22022 ಇಟ್ಟರೆ ಸಾಕಲ್ಲವೇ?

ದಾಖಲೆಯಲ್ಲಿ ಗದ್ದಲ ಕಡಿಮೆಯಾಗುತ್ತದೆ. ಬೀಗ ಗಟ್ಟಿಯಾಗುವುದಿಲ್ಲ. ಅಂದ ಹಾಗೆ 22 ಎಂಬ ಸಂಖ್ಯೆ ಎಸ್‌ಎಸ್‌ಎಚ್‌ಗೆ ಬಂದದ್ದು 1995ರಲ್ಲಿ. ಹಳೆಯ ಸೇವೆಗಳಾದ ಎಫ್‌ಟಿಪಿಯ 21, ಟೆಲ್ನೆಟ್‌ನ 23, ಇವೆರಡರ ನಡುವೆ ಖಾಲಿ ಕಂಡ ಸಂಖ್ಯೆಯನ್ನು ಅದನ್ನು ಬರೆದ ಫಿನ್ಲೆಂಡಿನ ತಾತು ಇಲೋನೆನ್ ಕೇಳಿ ಪಡೆದರು.

ಎಲ್ಲ ಸರಿಯಾಗಿ ತುಂಬಿದ್ದೇನೆ, ಆದರೂ ಸಿಗುತ್ತಿಲ್ಲ.

ನನಗೆ ಬರುವ ಕರೆಗಳಲ್ಲಿ ಅರ್ಧ ಇದೇ. ಮೊದಲ ಪ್ರಶ್ನೆ: ಎಲ್ಲಿ ಕೂತು ಪರೀಕ್ಷಿಸುತ್ತಿದ್ದೀರಿ? ಮನೆಯ ವೈಫೈಯಲ್ಲೇ ಕೂತು ಹೊರವಿಳಾಸ ಹೊಡೆದರೆ ಅನೇಕ ರೂಟರ್‌ಗಳು ತಬ್ಬಿಬ್ಬಾಗುತ್ತವೆ. ಗೇಟಿನಿಂದ ಹೊರಗೆ ಹೋಗಿ ಅದೇ ಗೇಟಿನಿಂದ ಒಳಗೆ ಬರುವ ಈ ತಿರುವು ಎಲ್ಲ ಡಬ್ಬಿಗಳಿಗೂ ಬರುವುದಿಲ್ಲ. ಮೊಬೈಲ್‌ನ ವೈಫೈ ಆಫ್ ಮಾಡಿ, ಡೇಟಾದಿಂದ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸಮಸ್ಯೆ ಮುಗಿದಿದೆ.

ಆಗಲೂ ಇಲ್ಲವೆಂದರೆ ಒಳಗಿನಿಂದ ಹೊರಗೆ ಒಂದೊಂದೇ ಹೆಜ್ಜೆ ಇಡಿ. ಮನೆಯ ಇನ್ನೊಂದು ಸಾಧನದಿಂದ ಒಳವಿಳಾಸದಲ್ಲಿ ಸೇವೆ ಸಿಗುತ್ತಿದೆಯೇ? ಇಲ್ಲವಾದರೆ ತಪ್ಪು ರೂಟರ್‌ನದಲ್ಲ. ಸರ್ವರ್‌ನ ಸ್ವಂತ ಫೈರ್‌ವಾಲ್ ತಡೆದಿರಬಹುದು, ಅಥವಾ ಸೇವೆ 127.0.0.1ರಲ್ಲಿ ಮಾತ್ರ ಕಿವಿಗೊಟ್ಟಿರಬಹುದು. ಹಾಗೆಂದರೆ ತನ್ನ ಮನೆಯೊಳಗಿನ ಮಾತು ಮಾತ್ರ ಕೇಳಿಸಿಕೊಳ್ಳುತ್ತದೆ ಎಂದರ್ಥ.

ಒಳಗೆ ಸಿಗುತ್ತಿದ್ದರೆ ಎರಡು ಗೇಟಿನ ಸಮಸ್ಯೆ ನೋಡಿ. ಕಂಪನಿ ಹಾಕಿದ ಫೈಬರ್ ಡಬ್ಬಿ ತಾನೇ ರೂಟರ್ ಆಗಿದ್ದು, ಅದಕ್ಕೆ ನೀವು ಇನ್ನೊಂದು ರೂಟರ್ ಸಿಕ್ಕಿಸಿದ್ದರೆ, ಚೀಟಿಯನ್ನು ಒಳಗೇಟಿಗೆ ಮಾತ್ರ ಅಂಟಿಸಿದ ಹಾಗಾಗುತ್ತದೆ. ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮಾಡಿಸಿ (ಅದು ಗೇಟಾಗದೆ ಬರೀ ದಾಟಿಸುವಂತೆ), ಸಂಪರ್ಕದ ಬಳಕೆದಾರ ಹೆಸರು, ಗುಪ್ತಪದಗಳನ್ನು ನಿಮ್ಮ ರೂಟರ್‌ನಲ್ಲೇ ತುಂಬುವುದು ಶುದ್ಧ ಪರಿಹಾರ. ಲೈನ್‌ಮನ್ ಒಪ್ಪದಿದ್ದರೆ ಎರಡೂ ಡಬ್ಬಿಗಳಲ್ಲಿ ಫಾರ್ವರ್ಡ್ ಮಾಡಿದರೂ ನಡೆಯುತ್ತದೆ.

ಇನ್ನೊಂದು ವಿಷಯ ವೈರ್‌ಗಾರ್ಡ್‌ನವರಿಗೆ. ಪೋರ್ಟ್ ತೆರೆದಿದೆಯೇ ಎಂದು ತೋರಿಸುವ ತಾಣಗಳು ಸಾಮಾನ್ಯವಾಗಿ ಟಿಸಿಪಿ ಮಾತ್ರ ನೋಡುತ್ತವೆ. ಯುಡಿಪಿ ನೋಡಿದರೂ ವೈರ್‌ಗಾರ್ಡ್ ಉತ್ತರಿಸುವುದಿಲ್ಲ. ಅಲ್ಲಿ ‘ಕ್ಲೋಸ್ಡ್’ ಎಂದು ಕೆಂಪಕ್ಷರದಲ್ಲಿ ಬಂತೆಂದು ರಾತ್ರಿಯೆಲ್ಲ ರೂಟರ್ ಕೆದಕಬೇಡಿ. ಮೊಬೈಲ್‌ನ ಆ್ಯಪ್‌ನಲ್ಲಿ ಕೊನೆಯ ‘ಹ್ಯಾಂಡ್‌ಶೇಕ್’ (ಎರಡು ಕಡೆಯವರು ಕೈಕುಲುಕಿದ್ದು) ಎಷ್ಟು ಹೊತ್ತಿನ ಹಿಂದೆ ಎಂಬುದು ಕಂಡರೆ ದಾರಿ ತೆರೆದಿದೆ.

ವಿಪಿಎನ್ ಸೇರಿಕೊಂಡಿತು, ಆದರೆ ಕಚೇರಿಯಿಂದ ಮಾತ್ರ ಮನೆಯ ಸರ್ವರ್ ಕಾಣುವುದಿಲ್ಲ.

ಮನೆ, ಕಚೇರಿ ಎರಡರ ಒಳವಿಳಾಸಗಳೂ 192.168.1 ಎಂದೇ ಶುರುವಾಗುತ್ತಿರಬಹುದು, ತೊಂದರೆ ಅದೇ. ನೀವು 192.168.1.10 ಎಂದು ಕೇಳಿದರೆ ಮೊಬೈಲ್ ಅದನ್ನು ಕಚೇರಿಯ ವಠಾರದಲ್ಲೇ ಹುಡುಕುತ್ತದೆ. ಮನೆಯ ರೂಟರ್‌ನಲ್ಲಿ, ಚುಕ್ಕೆಗಳ ನಡುವಿನ ಮೂರನೆಯ ಸಂಖ್ಯೆಯನ್ನು ಯಾರೂ ಇಡದಂಥದ್ದಕ್ಕೆ ಬದಲಿಸಿ. ನಮ್ಮದು 57 ಆದದ್ದು ಹೀಗೆ. ಈ ಕೆಲಸ ಮೊದಲೇ ಮಾಡಿದರೆ ಸುಲಭ. ಹತ್ತು ಸಾಧನಗಳಿಗೆ ವಿಳಾಸ ಕಾಯಂ ಮಾಡಿದ ಮೇಲೆ ಮಾಡಿದರೆ ಒಂದು ಮಧ್ಯಾಹ್ನ ಹೋಗುತ್ತದೆ.

ಸ್ಟ್ಯಾಟಿಕ್ ಐಪಿ ತೆಗೆದುಕೊಂಡಿಲ್ಲ. ಹೊರವಿಳಾಸ ಬದಲಾದರೆ?

ಡಿಡಿಎನ್‌ಎಸ್ ಹಾಕಿ. ಒಂದು ಹೆಸರು ಪಡೆದುಕೊಂಡರೆ, ಸರ್ವರ್ ಐದು ನಿಮಿಷಕ್ಕೊಮ್ಮೆ ‘ನಾನೀಗ ಇಲ್ಲಿದ್ದೇನೆ’ ಎಂದು ಆ ಸೇವೆಗೆ ತಿಳಿಸುತ್ತಿರುತ್ತದೆ. ನೀವು ಸಂಖ್ಯೆಯ ಬದಲು ಹೆಸರು ಬಳಸುತ್ತೀರಿ. ಡಕ್‌ಡಿಎನ್‌ಎಸ್ ಉಚಿತ. ರೂಟರ್‌ನಲ್ಲೇ ಈ ಸೌಲಭ್ಯ ಇದ್ದರೂ ನಾನು ಸರ್ವರ್‌ನಲ್ಲೇ ಮಾಡುತ್ತೇನೆ, ರೂಟರ್ ಬದಲಾದಾಗ ಮರೆತುಹೋಗುವುದಿಲ್ಲ. ಸಿಜಿನ್ಯಾಟ್‌ಗೆ ಮಾತ್ರ ಇದು ಮದ್ದಲ್ಲ.

ಯುಪಿಎನ್‌ಪಿ ಆನ್ ಇದ್ದರೆ ತಾನಾಗಿಯೇ ಆಗುತ್ತದಂತೆ? ಡಿಎಂಜೆಡ್ ಸುಲಭವಂತೆ?

ಯುಪಿಎನ್‌ಪಿ ಎಂದರೆ ಒಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಗೇಟಿಗೆ ಚೀಟಿ ಅಂಟಿಸಬಹುದು ಎಂದು. ಆಫ್ ಮಾಡಿಡಿ. ಡಿಎಂಜೆಡ್ ಎಂದರೆ ಬಂದವರನ್ನೆಲ್ಲ ಒಂದೇ ಮನೆಗೆ ನುಗ್ಗಿಸುವುದು. ಬೇಡ.

ಸಿಸಿಟಿವಿ ಹಾಕಿದವರು ಪೋರ್ಟ್ ತೆರೆದಿದ್ದಾರೆ. ಅದು ಪರವಾಗಿಲ್ಲವೇ?

ಮನೆಯವರಿಗೆ ತಿಳಿಯದೆ ಗೇಟಿಗೆ ಅಂಟಿರುವ ಚೀಟಿಗಳಲ್ಲಿ ನಾನು ಹೆಚ್ಚು ಕಂಡದ್ದು ಇದನ್ನೇ. ಕ್ಯಾಮೆರಾ ಹಾಕುವ ಹುಡುಗರು ಮೊಬೈಲ್‌ನಲ್ಲಿ ಚಿತ್ರ ಬಂದರೆ ಸಾಕೆಂದು 80, 8000 ತೆರೆದು, ಡಿವಿಆರ್‌ನ (ಚಿತ್ರ ದಾಖಲಿಸುವ ಡಬ್ಬಿ) ಗುಪ್ತಪದವನ್ನು ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟು ಹೋಗಿರುತ್ತಾರೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಕಾರ್ಖಾನೆ ಗುಪ್ತಪದಗಳ ಪುಟ್ಟ ಪಟ್ಟಿಯೊಂದನ್ನು ಹಿಡಿದುಕೊಂಡು ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಆ ಅಕ್ಟೋಬರ್ 21ರಂದು ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ (ಡಿಎನ್‌ಎಸ್) ಡೈನ್ ಎಂಬ ಕಂಪನಿಯ ಮೇಲೆ ಅವುಗಳಿಂದಲೇ ದಾಳಿ ಮಾಡಿಸಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಸಿಗದಂತೆ ಮಾಡಿತ್ತು. ಇಂದು ಸಂಜೆಯೇ ಆ ಚೀಟಿ ಕಿತ್ತು, ಗುಪ್ತಪದ ಬದಲಿಸಿ. ಕ್ಯಾಮೆರಾವನ್ನೂ ವೈರ್‌ಗಾರ್ಡ್ ಒಳಗಿನಿಂದಲೇ ನೋಡಿ.

ಅತ್ತೆಯವರಿಗೆ ಫೋಟೊ ತೋರಿಸಬೇಕು. ಅವರಿಗೆ ವಿಪಿಎನ್ ಎಲ್ಲ ಆಗದು.

ವೈರ್‌ಗಾರ್ಡ್‌ನ ಆ್ಯಪ್‌ನಲ್ಲಿ ಕ್ಯೂಆರ್ ಸಂಕೇತ ಹಿಡಿದರೆ ಸೆಟ್ಟಿಂಗ್ ಮುಗಿಯುತ್ತದೆ. ಮನೆಯ ವಿಳಾಸಗಳಿಗೆ ಮಾತ್ರ ವಿಪಿಎನ್ ಬಳಸುವಂತೆ ಮಾಡಿದರೆ ಸದಾ ಆನ್ ಇಟ್ಟರೂ ಅವರ ಉಳಿದ ಅಂತರಜಾಲಕ್ಕೆ ಅಡ್ಡಿಯಿಲ್ಲ. ಯುಪಿಐ ಬಳಸುವ ಅತ್ತೆಯವರಿಗೆ ಇದು ಹೆಚ್ಚೇನೂ ಅಲ್ಲ.

ಅದೂ ಬೇಡ ಎಂದರೆ 443 ಒಂದನ್ನೇ ತೆರೆದು, ಹಿಂದೆ ಕ್ಯಾಡಿ ಅಥವಾ ಎಂಜಿನ್‌ಎಕ್ಸ್‌ನಂಥ ರಿವರ್ಸ್ ಪ್ರಾಕ್ಸಿ (ಬಂದವರನ್ನು ಎದುರುಗೊಂಡು ಸರಿಯಾದ ಸೇವೆಗೆ ಕಳಿಸುವ ತಂತ್ರಾಂಶ) ಕೂರಿಸಿ. ಸಂಪರ್ಕ ಗುಪ್ತವಾಗಿಡಲು ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತವಾಗಿ ಸಿಗುತ್ತದೆ. ಅವಧಿ ಚಿಕ್ಕದು, ತಾನಾಗಿ ನವೀಕರಣವಾಗುವಂತೆ ಇಡಿ. ಹೀಗೆ ಮಾಡಿದ ಮೇಲೆ ಆ ಫೋಟೊ ತಂತ್ರಾಂಶದ ಪ್ರತಿ ಸುರಕ್ಷತಾ ಅಪ್‌ಡೇಟ್ ಬಂದ ದಿನವೇ ಹಾಕುವ ಹೊಣೆ ನಿಮ್ಮದು. ಹಬ್ಬಕ್ಕೆ ಊರಿಗೆ ಹೋದಾಗ ಹಾಕಿದರಾಯಿತು ಎನ್ನುವವರು ಕ್ಯೂಆರ್ ದಾರಿಯಲ್ಲೇ ಇರುವುದು ವಾಸಿ.

ಕರೆಂಟು ಹೋದರೆ?

ಹಳೆಯ ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇರುವುದು ದೊಡ್ಡ ಅನುಕೂಲ. ಸದಾ ಪ್ಲಗ್‌ನಲ್ಲಿದ್ದರೆ ಬ್ಯಾಟರಿ ಉಬ್ಬುವ ಭಯವಿರುವುದರಿಂದ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸಿಡಿ. ಫೈಬರ್ ಡಬ್ಬಿ ಮತ್ತು ರೂಟರ್‌ಗೆ ಚಿಕ್ಕ 12 ವೋಲ್ಟ್ ಯುಪಿಎಸ್ ಸಿಗುತ್ತದೆ.

ಮಲೆನಾಡಿನಲ್ಲಿ ಕರೆಂಟಿಗಿಂತ ದೊಡ್ಡ ಸಮಸ್ಯೆ ಸಿಡಿಲು. ಮೇ ತಿಂಗಳ ಸಂಜೆ ಮೋಡ ಗುಡುಗಿತೆಂದರೆ ಅಪ್ಪ ಮನೆಯ ಎಲ್ಲ ಪ್ಲಗ್ ಕಿತ್ತಿಡುತ್ತಾರೆ, ಅದು ಸರಿಯೂ ಹೌದು. ಮಳೆ ನಿಂತ ಮೇಲೆ ಹಾಕಲು ಮರೆಯುತ್ತಾರೆ. ಆಗ ಡಿಡಿಎನ್‌ಎಸ್ ಇಲ್ಲ, ವೈರ್‌ಗಾರ್ಡ್ ಇಲ್ಲ. ಬೆಂಗಳೂರಿನಿಂದ ಫೋನು ಮಾಡಿ ‘ಅಪ್ಪಾ, ಬಿಳಿ ಡಬ್ಬಿಯಲ್ಲಿ ಹಸಿರು ದೀಪ ಎಷ್ಟು ಉರಿಯುತ್ತಿವೆ?’ ಎಂದು ಕೇಳುತ್ತೇನೆ. ಮೂರು ಎಂದರೆ ಎಲ್ಲ ಸರಿಯಿದೆ. ಎರಡು ಎಂದರೆ ಫೈಬರ್ ಎಲ್ಲೋ ತುಂಡಾಗಿದೆ, ಲೈನ್‌ಮನ್ ಬರುವ ತನಕ ಕಾಯಬೇಕು. ‘ಯಾವ ಡಬ್ಬಿ?’ ಎಂದರೆ ಪ್ಲಗ್ ಇನ್ನೂ ಹಾಕಿಲ್ಲ.